ಬೀಳುವುದೇ ಅವಳ ಕೆಲಸ

ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಸುರಪುರದ ನಮ್ಮ ಪಕ್ಕದ ಮನೆಯ ಹುಡುಗಿ ಮೆಟ್ಟಿಲಿನಿಂದ ಉರುಳಿ ಬಿದ್ದು, ಕುಂಟುತ್ತ ಎದ್ದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಜೊತೆಯಲ್ಲೇ ಕುಳಿತು ನೋಡುತ್ತಿದ್ದ ಅವಳ ತಾಯಿ ನಗಲಿಲ್ಲ. ಮಗಳಿಗೆ ಫೋನ್ ಹಚ್ಚಿದರು.

“ಏಳೂಮುಂದ ಎಡಗಾಲು ಎಳದಿ. ಖರೇ ಹೇಳು, ಪೆಟ್ಟಾಗ್ಯಾದಿಲ್ಲೊ?”

ಊರಿನ ನಾಟಕದಿಂದ ಟಿವಿಗೆ ಹೋಗಿ, ಈಗಷ್ಟೇ ಸಿನಿಮಾದಲ್ಲೂ ಪಾತ್ರ ಸಿಕ್ಕಿದ್ದ ಹುಡುಗಿ. ಸ್ಪೀಕರಿನಲ್ಲಿ ಅವಳ ದನಿ ಕೇಳಿಸಿತು.

“ಅದರ ಶೂಟಿಂಗ್ ಮುಗದು ಹದಿನೈದು ದಿನ ಆತವ್ವ. ನೋವು ಇನ್ನೂ ಅದ. ಆದ್ರ ಬೀಳೂದು ಬಿಟ್ರ ನನ್ನ ಯಾರು ಕರೀತಾರ?”

ಅಂದಿನಿಂದ ಅವಳು ಬಿದ್ದಾಗ ನನಗೆ ನಗು ಬರುವುದಿಲ್ಲ. ಎದ್ದು ನೆಟ್ಟಗೆ ನಡೆಯುವವರೆಗೂ ಆ ಎಡಗಾಲನ್ನೇ ನೋಡುತ್ತಿರುತ್ತೇನೆ.