ಹಸಿ ಮಣ್ಣಿನ ರೀಡಿಂಗ್

ಕಲ್ಯಾಣದುರ್ಗದ ಆಫೀಸಿನಲ್ಲಿ ಮಣ್ಣು ಪರೀಕ್ಷೆಯ ಯಂತ್ರವನ್ನು ಕೈಗೆ ಕೊಟ್ಟ ದಿನ ನನಗೆ ಹೆಮ್ಮೆಯಾಗಿತ್ತು. ಟಾರ್ಚಿನಷ್ಟು ದಪ್ಪ, ಮೂತಿಗೆ ಗಾಜು. ಮಣ್ಣಿಗೆ ಒತ್ತಿದರೆ ಕಣ್ಣಿಗೆ ಕಾಣದ ಬೆಳಕನ್ನು ಬಿಟ್ಟು, ಎಷ್ಟು ವಾಪಸ್ ಬಂತೆಂದು ನೋಡಿ, ಮಣ್ಣಿನಲ್ಲಿ ಸಾರ ಎಷ್ಟಿದೆಯೆಂದು ಫೋನಿಗೆ ಕಳಿಸುತ್ತಿತ್ತು. ಹಿಂದೂಪುರದ ನೇಕಾರರ ಮನೆಯಲ್ಲಿ ಹುಟ್ಟಿ, ಕೆಮಿಸ್ಟ್ರಿ ಓದಿ, ಆಮ್ಲದ ಬಾಟಲಿಗಳ ನಡುವೆ ಬೆರಳು ಸುಟ್ಟುಕೊಂಡವಳು ನಾನು. ಅದೆಲ್ಲ ಇನ್ನು ಮುಗಿಯಿತು ಅಂದುಕೊಂಡೆ.

ಮೇ ತಿಂಗಳಲ್ಲಿ ಬ್ರಹ್ಮಸಮುದ್ರದ ಕಡೆ ಒಬ್ಬ ಅಕ್ಕನ ಹೊಲಕ್ಕೆ ಹೋದೆ. ಕಡಲೆಕಾಯಿ ಬಿತ್ತುವ ನೆಲ. ಹಿಂದಿನ ಸಂಜೆ ಮಳೆ ಬಿದ್ದು ಕೆಂಪು ಮಣ್ಣು ಕಪ್ಪಗಾಗಿತ್ತು. ಐದು ಕಡೆ ಯಂತ್ರ ಒತ್ತಿದೆ. ಸಾವಯವ ಅಂಶ ಹೆಚ್ಚು ಎಂದು ಫೋನು ಹಸಿರು ತೋರಿಸಿತು.

"ನಮ್ಮ ಹೊಲದಾಗಾ? ಜಾಸ್ತಿ ಐತಾ?" ಅಕ್ಕ ನಕ್ಕರು. "ಸೆಟ್ಟೂರು ಕಡೇರು ಕುರಿಮಂದೆ ನಿಲ್ಲುಸ್ತೀವಿ ಅಂತ ಬಂದವ್ರೆ ಕಣಮ್ಮ. ಗೊಬ್ರ ಆಯ್ತದೆ ಅಂತ ಒಪ್ಕಂಡಿದ್ದೆ. ಹಂಗಾರೆ ಈ ಸರ್ತಿ ಬ್ಯಾಡ ಅಂದ್ಬುಡ್ಲಾ?"

"ಸ್ವಲ್ಪ ತಾಳಿ" ಅನ್ನಬೇಕಿತ್ತು. "ಮಿಷಿನ್ ಹಂಗೆ ಹೇಳ್ತೈತೆ ಅಕ್ಕ" ಎಂದುಬಿಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ, ಮಣ್ಣು ಒದ್ದೆಯಿತ್ತಲ್ಲ ಎಂದು ಅನುಮಾನ ಹುಟ್ಟಿತು. ಆ ಹೊಲದ ಒಂದಿಷ್ಟು ಮಣ್ಣು ನನ್ನ ಬ್ಯಾಗಿನಲ್ಲಿತ್ತು. ಶನಿವಾರ ಹಿಂದೂಪುರಕ್ಕೆ ಒಯ್ದು, ಮಗ್ಗದ ಕೋಣೆಯ ಮೂಲೆಯಲ್ಲಿ ಪೇಪರಿನ ಮೇಲೆ ಹರವಿದೆ. "ರೇಷ್ಮೆ ಇರೋ ಕಡೆ ಮಣ್ಣು ತಂದು ಸುರೀತೀಯಲ್ಲೇ!" ಎಂದು ಅಮ್ಮ ಬೈದಳು. ಭಾನುವಾರ ಸಂಜೆಗೆ ಅದು ಒಣಗಿ ಬಿಳಿಚಿಕೊಂಡಿತು. ಯಂತ್ರ ಒತ್ತಿದೆ. ಕಡಿಮೆ ಎಂದಿತು. ಅದೇ ಮಣ್ಣು! ಸೋಮವಾರ ರಜೆ ಹಾಕಿ, ನಾನು ಓದಿದ ಕಾಲೇಜಿನ ಪ್ರಯೋಗಾಲಯದಲ್ಲಿ ಆಮ್ಲ ಹಾಕಿ ಹಳೆಯ ಪರೀಕ್ಷೆಯನ್ನೇ ಮಾಡಿದೆ. ಅಲ್ಲೂ ಕಡಿಮೆಯೇ. ಯಂತ್ರಕ್ಕೆ ಪಾಠ ಕಲಿಸಿದ್ದು ಎಲ್ಲಿಯದೋ ಮಣ್ಣಿನಿಂದ, ಅದೂ ಒಣಗಿಸಿ ಜರಡಿ ಹಿಡಿದದ್ದರಿಂದ. ನೀರು ಕುಡಿದು ಕಪ್ಪಾದ ನಮ್ಮ ಮಣ್ಣನ್ನು ಅದು ಫಲವತ್ತಾದದ್ದೆಂದು ತಿಳಿದಿತ್ತು.

ಆಫೀಸಿನ ಮೇಲಧಿಕಾರಿಗೆ ಫೋನು ಮಾಡಿದೆ.

"ಅಪ್‌ಲೋಡ್ ಅಯಿಪೋಯಿಂದಿ ಕದಮ್ಮಾ, ವದಿಲೇಯ್" ಎಂದು ತೆಲುಗಿನಲ್ಲಿ ಅಂದರು. ಆಗಿಹೋಯಿತಲ್ಲ, ಬಿಟ್ಟುಬಿಡು ಎಂದು.

"ತಪ್ಪು ರೀಡಿಂಗ್ ಸಾರ್. ಇನ್ಮೇಲೆ ಒಣಗಿಸಿ ನೋಡೋಣ. ಎರಡು ದಿನ ಹೆಚ್ಚು ಬೇಕಾಗುತ್ತೆ."

"ಎರಡು ದಿನ ಕಾಯೋದಾದ್ರೆ ಮಿಷಿನ್ ಯಾಕಮ್ಮ?"

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಾಲೇಜಿನ ಪರೀಕ್ಷೆಯ ಫಲಿತಾಂಶವನ್ನು ಹಾಳೆಯಲ್ಲಿ ಬರೆದುಕೊಂಡು ಮರುದಿನವೇ ಬ್ರಹ್ಮಸಮುದ್ರಕ್ಕೆ ಹೋದೆ. ಹೊಲ ಖಾಲಿಯಿತ್ತು.

"ಮಂದೆ ಹೊಂಟೋಯ್ತು ಕಣಮ್ಮ. ಬ್ಯಾಡ ಅಂದ್ಬುಟ್ಟೆ" ಎಂದರು ಅಕ್ಕ. ನಾನು ವಿಷಯ ಹೇಳಿದೆ. ಅವರು ಅಲ್ಲೇ ನಿಂತು ಕುರಿಯವನಿಗೆ ಫೋನು ಹಚ್ಚಿದರು. ಅವನು ಬೇರೆ ಊರಿನ ಹೊಲದಲ್ಲಿ ಮಂದೆ ನಿಲ್ಲಿಸಿಯಾಗಿತ್ತು. ಬಿತ್ತನೆಯೊಳಗೆ ತಿರುಗಿ ಬರಲಾಗದು ಎಂದ.

ಅಕ್ಕನಿಗೆ ಸಿಟ್ಟು ಬಂತು. "ಹಸಿ ಮಣ್ಣಾದ್ರೆ ಸುಳ್ಳು ಹೇಳ್ತೈತೆ ಅಂತ ಮೊದ್ಲೇ ಹೇಳಿದ್ರೆ, ನಾನೇ ಒಣಗ್ಸಿ ಕೊಡ್ತಿರ್ಲಿಲ್ವಾ? ಓದ್ದೋಳು ನೀನು. ಮಿಷಿನ್ ಹಂಗೆ ಹೇಳ್ತೈತೆ ಅಂದ್ಬುಟ್ಟೆ. ನೀನೇನು ಹೇಳ್ತೀಯ ಅಂತ ನಾನೂ ಕೇಳ್ನಿಲ್ಲ, ನೋಡು."

ಹಾಳೆಯನ್ನು ಅವರ ಕೈಗೆ ಕೊಟ್ಟು, ತಪ್ಪು ನನ್ನದೇ ಎಂದೆ. ಅವರು ಓದದೆ ಮಡಚಿ ಸೆರಗಿಗೆ ಗಂಟು ಹಾಕಿಕೊಂಡರು.

ಆ ಸಲ ಅಕ್ಕ ತಮ್ಮ ಎಮ್ಮೆಗಳ ತಿಪ್ಪೆಗೊಬ್ಬರವನ್ನೇ ಅರ್ಧ ಹೊಲಕ್ಕೆ ಚೆಲ್ಲಿ ಬಿತ್ತಿದರು. ಉಳಿದರ್ಧಕ್ಕೆ ಏನೂ ಇರಲಿಲ್ಲ. ಆ ರೀಡಿಂಗ್ ತಿದ್ದಿ ಎಂದು ನಾನು ಆಫೀಸಿಗೆ ಮೂರು ಸಲ ಮೇಲ್ ಹಾಕಿದೆ. ತಿದ್ದಲು ಆ್ಯಪಿನಲ್ಲಿ ದಾರಿಯಿಲ್ಲವಂತೆ. ಈಗ ಮಣ್ಣನ್ನು ಕವರಿನಲ್ಲಿ ತಂದು, ರೂಮಿನಲ್ಲಿ ಒಣಗಿಸಿಯೇ ಯಂತ್ರ ಒತ್ತುತ್ತೇನೆ. ಕೆಲಸ ನಿಧಾನವಾಗಿದೆಯೆಂದು ಕಳೆದ ತಿಂಗಳು ನನಗೆ ನೋಟಿಸು ಬಂತು. ಉತ್ತರವಾಗಿ ನಡೆದದ್ದನ್ನೆಲ್ಲ ಬರೆದು ಕಳಿಸಿದ್ದೇನೆ. ಯಾರೂ ಓದಿದಂತಿಲ್ಲ.