ಉದ್ದ ಗೋಡೆಯ ಮುಂದೆ ಬಸ್ಸಕ್ಕ

ಬಸ್ಸಕ್ಕ ಮೈಕು ಕೈಗೆತ್ತಿಕೊಂಡಳೆಂದರೆ ತೂಕಡಿಸುತ್ತಿದ್ದ ಪ್ರವಾಸಿಯೂ ಕಣ್ಣುಜ್ಜಿಕೊಂಡು ನೆಟ್ಟಗೆ ಕೂರುತ್ತಿದ್ದ. ಮೇಲ್ಛಾವಣಿಯಿಲ್ಲದ ಕೆಂಪು ಬಸ್ಸಿನಲ್ಲಿ ಹೊರದೇಶದವರಿಗೆ ರಾಜಧಾನಿಯನ್ನು ತೋರಿಸುವುದು ಅವಳ ಕೆಲಸ. ಡ್ರೈವರು ಇಟ್ಟ ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ ಸ್ವಂತ ಅಳಿಯನೂ ಅವಳನ್ನು ಹಾಗೇ ಕರೆಯುತ್ತಿದ್ದ.

"ಈ ಸೇತುವೆ ನೋಡಿ," ಎನ್ನುತ್ತಿದ್ದಳು, "ನನ್ನ ಗಂಡ, ಪಾಪ ಈಗಿಲ್ಲ, ಕಾರು ಓಡಿಸೋದು ಕಲಿತಿದ್ದು ಇದರ ಮೇಲೆ. ಆದರೂ ಇನ್ನೂ ನಿಂತಿದೆ ಅಂದ್ರೆ ಎಷ್ಟು ಗಟ್ಟಿ ಇರಬೇಕು, ನೀವೇ ಯೋಚನೆ ಮಾಡಿ!"

ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಸಂಬಳಕ್ಕಾಗಿ ಹೊಗಳುವವಳಲ್ಲ ಅವಳು, ಆ ಊರಿನ ಮೇಲೆ ಅವಳಿಗೆ ಹೊಟ್ಟೆಯೊಳಗಿನಿಂದ ಬಂದ ಅಭಿಮಾನವಿತ್ತು.

ಅದಕ್ಕೆ ಕಾರಣವೂ ಇತ್ತು. ಅವಳ ಹರೆಯದಲ್ಲಿ ಎರಡು ಬಣಗಳು ಊರನ್ನು ಹರಿದು ಹಂಚಿಕೊಂಡಿದ್ದವು. ಹಗಲು ಹೊತ್ತಿನಲ್ಲೇ ಗುಂಡು ಹಾರುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅವಳ ತಾಯಿಗೆ ಉಸಿರು ಕಟ್ಟಿತು. ಗಾಡಿಯಿಲ್ಲ, ಡಾಕ್ಟರಿಲ್ಲ. ಅವಳೂ ಇನ್ನೂ ಮೀಸೆ ಮೂಡದ ತಮ್ಮನೂ ಸೇರಿ ತಾಯಿಯನ್ನು ತರಕಾರಿ ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದರು. ದಾರಿಗೆ ಅಡ್ಡಲಾಗಿ ಟೈರುಗಳು ಉರಿಯುತ್ತಿದ್ದವು, ಪಕ್ಕದಲ್ಲಿ ಬಂದೂಕು ಹಿಡಿದವರು ಕಾವಲಿದ್ದರು. ಅಕ್ಕ ಕೈಮುಗಿದು ಬೇಡಿಕೊಂಡಳು, ತಮ್ಮ ತಾಯಿಯ ಪಾದ ಹಿಡಿದುಕೊಂಡು ನಿಂತಿದ್ದ. ಅವರನ್ನು ದಾಟಲು ಬಿಡುವ ಹೊತ್ತಿಗೆ ಪಾದ ತಣ್ಣಗಾಗಿತ್ತು.

ಆಮೇಲೆ ಸಮವಸ್ತ್ರದವರು ಬಂದರು. ಅವರ ನಾಯಕ ದೇಶವನ್ನು ಮುಷ್ಟಿಯಲ್ಲಿ ಹಿಡಿದ. ಬಂದೂಕುಗಳು ಸುಮ್ಮನಾದವು, ನಲ್ಲಿಯಲ್ಲಿ ನೀರು ಬಂತು, ರಸ್ತೆ, ರೈಲು, ಗಾಜಿನ ಆಸ್ಪತ್ರೆ ಎಲ್ಲ ಬಂದವು. ಮಗಳಿಗೆ ಹೆರಿಗೆ ನೋವು ಶುರುವಾದಾಗ ಬಸ್ಸಕ್ಕ ಚಪ್ಪಲಿ ಹುಡುಕಿಕೊಳ್ಳುವಷ್ಟರಲ್ಲಿ ಆಂಬುಲೆನ್ಸು ಬಾಗಿಲ ಮುಂದಿತ್ತು. ಹಾಗಾಗಿ ಯಾರಾದರೂ ಪ್ರವಾಸಿ ದನಿ ತಗ್ಗಿಸಿ, "ಇಲ್ಲಿ ಚುನಾವಣೆಯೇ ಇಲ್ಲವಂತಲ್ಲ?" ಎಂದು ಕೇಳಿದರೆ ಅವಳು ತಡವರಿಸುತ್ತಿರಲಿಲ್ಲ.

"ನನ್ನ ಅಮ್ಮ ಸತ್ತಿದ್ದು ತರಕಾರಿ ಗಾಡಿ ಮೇಲೆ. ಮೊಮ್ಮಗಳು ಹುಟ್ಟಿದ್ದು ಲಿಫ್ಟ್ ಇರೋ ಆಸ್ಪತ್ರೇಲಿ. ನನಗೆ ಗೊತ್ತಿರೋ ರಾಜಕೀಯ ಇಷ್ಟೇ ಸ್ವಾಮಿ."

ಮೈಕಿನಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೊಂದು ಹಟ ಅವಳಿಗಿತ್ತು. ಬಸ್ಸು ನದಿಯ ರಸ್ತೆಗೆ ತಿರುಗಿದಾಗ ಒಂದು ಉದ್ದ ಗೋಡೆ ಸಿಗುತ್ತಿತ್ತು. ಅದರ ಹಿಂದೆ ಏನಿದೆಯೆಂದು ಊರಿಗೆಲ್ಲ ಗೊತ್ತು, ಹೇಳುವವರಿಲ್ಲ. ಬೇರೆ ಗೈಡುಗಳು ಅದನ್ನು ಹಳೆಯ ಗೋದಾಮು ಎಂದುಬಿಡುತ್ತಿದ್ದರು. ಬಸ್ಸಕ್ಕ ಮಾತ್ರ ಆ ಗೋಡೆ ಮುಗಿಯುವವರೆಗೂ ನೀರು ಕುಡಿಯುತ್ತಿದ್ದಳು.

ಅವಳ ತಮ್ಮ ದೊಡ್ಡವನಾಗಿ ಭೂಗೋಳದ ಮೇಷ್ಟ್ರಾದ. ಸಾಧು ಮನುಷ್ಯ. ಹೊಸ ವರ್ತುಲ ರಸ್ತೆಗಾಗಿ ನದಿ ದಂಡೆಯ ಕೇರಿಯನ್ನು ಕೆಡವಿದ ಮೇಲೆ ಒಂದು ಸೋಮವಾರ ಅವನ ತರಗತಿಯ ಅರ್ಧಕ್ಕರ್ಧ ಬೆಂಚು ಖಾಲಿ. ಮಕ್ಕಳು ಎಲ್ಲಿ ಎಂದು ಹೆಡ್‌ಮಾಸ್ತರರನ್ನು ಕೇಳಿದ. ಅವರು ಕಿಟಕಿಯ ಹೊರಗೆ ನೋಡಿದರು. ಕಚೇರಿಯಲ್ಲಿ ಕೇಳಿದ, ನಾಳೆ ಬಾ ಎಂದರು. ಕೊನೆಗೆ ಒಂದು ರಟ್ಟಿನ ಮೇಲೆ "ನನ್ನ ವಿದ್ಯಾರ್ಥಿಗಳು ಎಲ್ಲಿದ್ದಾರೆ?" ಎಂದು ದಪ್ಪಕ್ಷರದಲ್ಲಿ ಬರೆದು ಶಾಲೆಯ ಗೇಟಿಗೆ ಕಟ್ಟಿದ. ಸಂಜೆಯೊಳಗೆ ಅವನನ್ನು ಎತ್ತಿಕೊಂಡು ಹೋದರು.

ಸುದ್ದಿ ಕೇಳಿದಾಗ ಬಸ್ಸಕ್ಕನಿಗೆ ಮೊದಲು ಬಂದದ್ದು ಸಿಟ್ಟು. "ಅವನಿಗ್ಯಾಕೆ ಬೇಕಿತ್ತು ಈ ಉಸಾಬರಿ? ಇವನ ಮೂಗು ಸುಮ್ನೆ ಇರೋದಿಲ್ಲ!"

ತಮ್ಮನ ಹೆಂಡತಿ ಅಳುತ್ತಿರಲಿಲ್ಲ. "ಅತ್ತಿಗೆ, ಅವರು ಕೇಳಿದ್ದು ಒಂದೇ ಪ್ರಶ್ನೆ," ಎಂದಳು. "ಅದಕ್ಕೆ ಉತ್ತರ ನಿಮಗೆ ಗೊತ್ತಾ?"

ಬಸ್ಸಕ್ಕನಿಗೆ ಗೊತ್ತಿರಲಿಲ್ಲ. ಊರಿನ ಮೂಲೆ ಮೂಲೆ ತೋರಿಸುವವಳಿಗೆ ಒಂದು ಕೇರಿ ಎಲ್ಲಿಗೆ ಹೋಯಿತೆಂದು ತಿಳಿಯದೆ ಹೋಗಿತ್ತು. ಅದು ಅವಳನ್ನು ಒಳಗೊಳಗೇ ಕೊರೆಯತೊಡಗಿತು.

ತನಗಿದ್ದ ಪರಿಚಯವನ್ನೆಲ್ಲ ಹಿಡಿದು ಒಬ್ಬ ದೊಡ್ಡ ಅಧಿಕಾರಿಯ ಕೋಣೆಯವರೆಗೂ ಹೋದಳು. ಎ.ಸಿ. ತಣ್ಣಗೆ ಬೀಸುತ್ತಿತ್ತು. ಅವರು ಮರ್ಯಾದೆಯಿಂದ ಕೂರಿಸಿ ಟೀ ತರಿಸಿದರು.

"ನಿಮ್ಮಂಥವರಿಗೆ ನಾನು ಬಿಡಿಸಿ ಹೇಳಬೇಕಾ? ರಸ್ತೆ ಮಾಡೋವಾಗ ಒಂದೆರಡು ಮರ ಕಡೀಲೇ ಬೇಕಾಗುತ್ತೆ ಅಮ್ಮ."

"ನನ್ನ ತಮ್ಮ ಮರ ಅಲ್ಲ ಸಾರ್," ಎಂದಳು. ಟೀ ಹಾಗೇ ಬಿಟ್ಟು ಎದ್ದು ಬಂದಳು.

ಆದರೂ ಮಾರನೆಯ ದಿನ ಕೆಲಸಕ್ಕೆ ಹೋದಳು. ಸೇತುವೆ ತೋರಿಸಿದಳು, ಆಸ್ಪತ್ರೆ ತೋರಿಸಿದಳು, ನಗಿಸಿದಳು. ಗೋಡೆ ಬಂದಾಗ ಮಾತ್ರ ನೀರಿನ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದಳು.

ಕೆಲವು ವಾರಗಳ ಮೇಲೆ ಬೇರೆ ದೇಶದಿಂದ ನಿವೃತ್ತ ಮೇಷ್ಟ್ರುಗಳ ತಂಡವೊಂದು ಬಂತು. ಸರ್ಕಾರದ ಅತಿಥಿಗಳಾದ್ದರಿಂದ ಬಸ್ಸಿನಲ್ಲಿ 'ಕೊನೇ ಸೀಟಿನವರು' ಕೂತಿದ್ದರು. ಇಂಥ ದಿನಗಳಲ್ಲಿ ಇಲಾಖೆ ಕಳಿಸುತ್ತಿದ್ದ, ಯಾರ ತಂಟೆಗೂ ಹೋಗದೆ ಎಲ್ಲ ಕೇಳಿಸಿಕೊಳ್ಳುವ ಮನುಷ್ಯ. ನದಿಯ ರಸ್ತೆಯಲ್ಲಿ ಕೆಂಪು ದೀಪ ಬಿದ್ದು ಬಸ್ಸು ಗೋಡೆಯ ಗೇಟಿನೆದುರಿಗೇ ನಿಂತಿತು. ಗೇಟಿನ ಮುಂದೆ ಚೀಲ ಹಿಡಿದ ಹೆಂಗಸರ ಸಾಲು. ಸಾಲಿನಲ್ಲೊಂದು ಹಸಿರು ಕೊಡೆ. ಮದುವೆಯಾದ ಹೊಸತರಲ್ಲಿ ತಮ್ಮ ತಂದಿದ್ದ ಆ ಕೊಡೆಯನ್ನು ಬಸ್ಸಕ್ಕ ದೂರದಿಂದಲೇ ಗುರುತು ಹಿಡಿದಳು.

ಮುಂದಿನ ಸೀಟಿನಲ್ಲಿದ್ದ ಒಬ್ಬ ಅಜ್ಜಿ ಕೇಳಿದರು. "ಇದೇನು ಕಟ್ಟಡ? ಇವರೆಲ್ಲ ಯಾಕೆ ನಿಂತಿದ್ದಾರೆ?"

ಬಸ್ಸಕ್ಕನ ಕೈ ಬಾಟಲಿಯ ಕಡೆ ಹೋಯಿತು. ಅರ್ಧಕ್ಕೇ ನಿಂತಿತು. ಮೈಕನ್ನು ಬಾಯಿಯ ಹತ್ತಿರ ತಂದಳು.

"ಇದು ಜೈಲು. ಇವತ್ತು ಮನೆಯವರು ಬಟ್ಟೆ ತಂದುಕೊಡೋ ದಿನ. ಆ ಹಸಿರು ಕೊಡೆ ಹಿಡಿದಿರೋಳು ನನ್ನ ತಮ್ಮನ ಹೆಂಡತಿ. ತಮ್ಮ ಒಳಗಿದಾನೆ. ನಿಮ್ಮ ಹಾಗೆ ಮೇಷ್ಟ್ರು. ಕ್ಲಾಸಿನ ಮಕ್ಕಳು ಎಲ್ಲಿಗೆ ಹೋದ್ರು ಅಂತ ಕೇಳಿದ. ಬೇರೇನೂ ಮಾಡಿಲ್ಲ. ನಾನು ನಿಮಗೆ ತೋರಿಸಿದ ಸೇತುವೆ, ಆಸ್ಪತ್ರೆ ಎಲ್ಲ ನಿಜ. ಇದೂ ನಿಜ."

ತೆರೆದ ಬಸ್ಸಿನ ಸ್ಪೀಕರು ರಸ್ತೆಯ ಆ ಬದಿಗೂ ಕೇಳಿಸಿತು. ಸಾಲಿಗೆ ಸಾಲೇ ತಿರುಗಿ ನೋಡಿತು. ಹಸಿರು ಕೊಡೆ ಮೆಲ್ಲಗೆ ಕೆಳಗಿಳಿಯಿತು. ಹಸಿರು ದೀಪ ಬಂದರೂ ಡ್ರೈವರು ಬಸ್ಸು ಬಿಡಲಿಲ್ಲ. ಹಿಂದಿನವರು ಹಾರ್ನ್ ಒತ್ತಿ ಒತ್ತಿ ಬೈಯುವ ತನಕ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದ.

ಬಸ್ಸು ಡಿಪೋ ಸೇರಿದಾಗ ಕೊನೇ ಸೀಟಿನವರು ಇಳಿದು ಬಂದು, ನೆಲ ನೋಡುತ್ತ, "ಅಕ್ಕಾ, ನಾಳೆಯಿಂದ ನೀವು ಬರಬೇಡಿ," ಎಂದರು.

ಆಮೇಲಿನದು ಸುಲಭವಿರಲಿಲ್ಲ. ಕರೆಸಿ ಕೂರಿಸಿದರು, ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು, ಕಳಿಸಿದರು, ಮತ್ತೆ ಕರೆಸಿದರು. ಅತಿಥಿಗಳ ಮುಂದೆ ನಡೆದದ್ದೆಂದೋ ಏನೋ ಒಳಗೆ ಹಾಕಲಿಲ್ಲ. ಡಿಪೋದ ಹಿಂದಿದ್ದ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಯ ಕೆಲಸಕ್ಕೆ ದೂಡಿದರು. ಮಗಳು ಫೋನಿನಲ್ಲಿ, "ನನ್ನ ಗಂಡನ ಕೆಲಸಕ್ಕೆ ಕುತ್ತು ಬಂದ್ರೆ ಏನಮ್ಮಾ ಮಾಡ್ಲಿ?" ಎಂದು ಅತ್ತು, ಬಹಳ ದಿನ ಮೊಮ್ಮಗಳನ್ನು ಕರೆತರಲಿಲ್ಲ. ಇದೊಂದೇ ಬಸ್ಸಕ್ಕನನ್ನು ಹಣ್ಣು ಮಾಡಿದ್ದು. ಆದರೂ, ಹೇಳಬಾರದಿತ್ತು ಎಂದು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ.

ಚಳಿಗಾಲದಲ್ಲಿ ತಮ್ಮನನ್ನು ಬಿಟ್ಟರು. ಯಾಕೆ ಹಿಡಿದರೆಂದೂ ಹೇಳಲಿಲ್ಲ, ಯಾಕೆ ಬಿಟ್ಟರೆಂದೂ ಹೇಳಲಿಲ್ಲ. ಸೊರಗಿಹೋಗಿದ್ದ, ಕೆಮ್ಮುತ್ತಿದ್ದ. ಅಡುಗೆಮನೆಯ ಮೇಜಿನ ಮುಂದೆ ಅಕ್ಕ ತಟ್ಟೆಗೆ ಬಡಿಸಿ ಬಡಿಸಿ, ಕೊನೆಗೆ ತಡೆಯಲಾರದೆ ಜಗಳವನ್ನೂ ತೆಗೆದಳು.

"ಹಳೇ ದಿನ ನೀನೂ ನೋಡಿದೀಯಲ್ಲೋ! ಅದಕ್ಕಿಂತ ಇದು ಮೇಲಲ್ವಾ?"

"ಮೇಲೇ ಕಣೇ ಅಕ್ಕ. ಯಾರು ಇಲ್ಲ ಅಂದ್ರು? ಅಮ್ಮನ ಕಾಲು ಹಿಡ್ಕೊಂಡಿದ್ದು ನಾನು." ತುತ್ತು ನುಂಗಿ ಹೇಳಿದ. "ಆದ್ರೆ ಗುಂಡು ಹೊಡೆಸ್ಕೊಳ್ಳೋದು, ಇಲ್ಲ ಬಾಯಿ ಮುಚ್ಕೊಂಡಿರೋದು, ನಮಗೆ ಇವೆರಡೇನಾ? ಮೂರನೇದು ಕೇಳಿದ್ರೆ ತಪ್ಪಾ?"

ಅಕ್ಕ ಅವನ ತಟ್ಟೆ ಎಳೆದುಕೊಂಡಳು. ಇನ್ನೊಂದು ಸೌಟು ಬಡಿಸಿದಳು.

ಅಕ್ಕ ತಮ್ಮ ಇಬ್ಬರೂ ರಜಾ ದಿನಗಳಲ್ಲಿ ಹುಡುಕುತ್ತ ಹೋಗಿ, ನದಿ ದಂಡೆಯವರನ್ನು ಊರಾಚೆಯ ಬಯಲಿನಲ್ಲಿ ಪತ್ತೆ ಮಾಡಿದರು. ಮನೆಗಳು ಚೆನ್ನಾಗಿದ್ದವು, ಅದನ್ನು ಬಸ್ಸಕ್ಕ ತಾನೇ ಬಾಯಿಬಿಟ್ಟು ಹೇಳಿದಳು. ಗೋಡೆಗೆ ಸುಣ್ಣ, ಮನೆಮನೆಗೆ ನಲ್ಲಿ. ಆದರೆ ಬಸ್ಸಿಲ್ಲ. ಆಸ್ಪತ್ರೆ ಬೇಕೆಂದರೆ ಬಿಸಿಲಲ್ಲಿ ಮೈಲಿಗಟ್ಟಲೆ ನಡಿಗೆ, ಶಾಲೆಯ ಮಾತಂತೂ ದೂರ. ಎಲ್ಲ ಕೊಟ್ಟವರು ಏನು ಬೇಕೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಬಸ್ಸಕ್ಕ ಅಲ್ಲಿಯ ಹೆಂಗಸರನ್ನು ಕಟ್ಟಿಕೊಂಡು ಸಾರಿಗೆ ಕಚೇರಿಗೆ ಹೋದಳು. ಹೋಗುವ ಮೊದಲು, "ನಾನು ಮಾತಾಡೋದಿಲ್ಲ, ನೀವೇ ಮಾತಾಡಬೇಕು," ಎಂದು ಕರಾರು ಹಾಕಿದಳು. ಅವರಿಗೆ ನಾಲಿಗೆ ಏಳಲಿಲ್ಲ. ಮರಳಿದರು. ಎರಡನೇ ಸಲ ಒಬ್ಬಳು ಬಾಯಿ ತೆರೆದಳು. ಆಮೇಲಾಮೇಲೆ ಒಬ್ಬರನ್ನು ಸುಮ್ಮನಿರಿಸಿದರೆ ಇನ್ನೊಬ್ಬರು ಶುರುಮಾಡುವಂತಾಯಿತು. ಇಂಥದ್ದನ್ನು ಕಂಡೇ ಇರದ ಅಧಿಕಾರಿ ಗದರಿಸಿ ನೋಡಿದ, ಬೆವರು ಒರೆಸಿಕೊಂಡ. ಬೇಸಿಗೆ ಮುಗಿಯುವ ಮುಂಚೆ ಬಯಲಿಗೆ ಬಸ್ಸು ಬಂತು.

ಮೊದಲ ದಿನ ಬಸ್ಸಕ್ಕ ಅದರಲ್ಲೇ ಬಂದಳು. ಬಸ್ಸು ಎಲ್ಲಿ ನಿಲ್ಲಬೇಕೆಂದು ಅಲ್ಲಾಗಲೇ ಕದನ ಹತ್ತಿಕೊಂಡಿತ್ತು. ನಮ್ಮ ಬಾಗಿಲಿಗೆ ಹತ್ತಿರ ಬೇಕು ಎಂದು ಒಬ್ಬಳು, ಬಾವಿಯ ಹತ್ತಿರ ಎಂದು ಇನ್ನೊಬ್ಬಳು. ಕಂಡಕ್ಟರು ಕಿವಿ ಮುಚ್ಚಿಕೊಂಡಿದ್ದ. ಮೇಷ್ಟ್ರು ಕೈ ಎತ್ತಿಸಿ ಎಣಿಸಲು ಹೆಣಗುತ್ತಿದ್ದ, ಯಾರೂ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ.

"ಅಕ್ಕಾ, ನೀನಾದ್ರೂ ಹೇಳೇ ಇವರಿಗೆ!" ಎಂದು ಕೂಗಿದ.

"ಮಾತಾಡಲಿ ಬಿಡೋ," ಎಂದು ಬಸ್ಸಕ್ಕ ಕಿಟಕಿಯ ಪಕ್ಕ ಜಾಗ ಮಾಡಿಕೊಂಡು, ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡು, ಆರಾಮವಾಗಿ ಕೂತಳು.