ಅಡುಗೆಮನೆಯ ಆಮೆನ್

ಹೆಬ್ಬಾಳದ ದಯಾಮಣಿಯ ಮನೆಯಲ್ಲಿ ಸಂಜೆ ಏಳಕ್ಕೆ ಸರಿಯಾಗಿ ಪ್ರಾರ್ಥನೆಗೆ ಚಾಪೆ ಹಾಸುತ್ತಿದ್ದರು. ಗಂಡ ಸತ್ಯಮಿತ್ರ ಯಶವಂತಪುರದ ಕಾರ್ಖಾನೆಯಿಂದ ಬಂದು, ಕೈಕಾಲು ತೊಳೆದು, ಸತ್ಯವೇದ ತೆರೆದು ಕೂರುತ್ತಿದ್ದ. ಎದುರಿಗೆ ಮಗಳು ಕೃಪಾ, ಮಗ ಸ್ಯಾಮು. ಕೀರ್ತನೆ ಹಾಡಿದ ಮೇಲೆ ಸರದಿಯಂತೆ ಒಬ್ಬೊಬ್ಬರು ಬೈಬಲ್ಲಿನ ಒಂದೊಂದು ವಚನ ಓದಬೇಕು. ದಯಾಮಣಿಯ ಸರದಿ ಬರುತ್ತಿರಲಿಲ್ಲ. ಅವಳು ಗೋಡೆಯಾಚೆ ಭರ್ರೆನ್ನುವ ಸೀಮೆಎಣ್ಣೆ ಪಂಪ್ ಸ್ಟೌವ್ ಮುಂದೆ ಇರುತ್ತಿದ್ದಳು.

"ಲೇ ದಯಾ, ಆ ಸ್ಟೌವ್ ಸ್ವಲ್ಪ ಸಣ್ಣ ಮಾಡು. ದೇವರ ವಾಕ್ಯ ಕೇಳಿಸ್ತಿಲ್ಲ," ಎಂದು ಸತ್ಯಮಿತ್ರ ಕೂಗುತ್ತಿದ್ದ.

ಅವಳು ಸಣ್ಣ ಮಾಡುತ್ತಿದ್ದಳು. ಪ್ರಾರ್ಥನೆ ಮುಗಿಯುವಾಗ ಅನ್ನ ಅರೆಬೆಂದಿರುತ್ತಿತ್ತು. "ಇನ್ನೂ ಆಗಿಲ್ವಾ?" ಎಂದು ಕೇಳುವವನೂ ಅವನೇ. ಕೆಟ್ಟವನಲ್ಲ; ಕುಡಿಯುತ್ತಿರಲಿಲ್ಲ, ಎಂದೂ ಕೈ ಎತ್ತಿರಲಿಲ್ಲ. ಒಳಗಿನಿಂದಲೇ 'ಆಮೆನ್' ಎಂದರೆ ಅವಳೂ ಪ್ರಾರ್ಥನೆಗೆ ಕೂತ ಲೆಕ್ಕ ಎಂಬುದು ಅವಳ ಅತ್ತೆ ಮಾಡಿಟ್ಟ ಏರ್ಪಾಡು. ಅವರೂ ಬದುಕಿದ್ದ ತನಕ ಒಲೆಯ ಮುಂದಿನಿಂದಲೇ ಆಮೆನ್ ಅಂದವರು.

೧೯೭೮ರಲ್ಲಿ ಕೃಪಾಗೆ ಹದಿನಾಲ್ಕು ತುಂಬಿತು. ಒಂದು ಸಂಜೆ ಸತ್ಯಮಿತ್ರ, "ಹೋಗಮ್ಮ, ಅಮ್ಮನಿಗೆ ಈರುಳ್ಳಿ ಹೆಚ್ಚಿಕೊಡು, ಬೇಗ ಆಗುತ್ತೆ" ಎಂದು ಅವಳನ್ನು ಎಬ್ಬಿಸಿ ಕಳಿಸಿದ. ಅಕ್ಕನ ಪಾಲಿನ ವಚನವನ್ನೂ ಸ್ಯಾಮುವೇ ಓದಿದ. ಕೊನೆಗೆ ಅಡುಗೆಮನೆಯಿಂದ ಎರಡು ಆಮೆನ್ ಹೋದವು. ಎರಡನೆಯದನ್ನು ಕೇಳಿ ದಯಾಮಣಿಯ ಕೈಯ ಸೌಟು ನಿಂತಿತು.

ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಅವರ ಸಭೆಯ ಪಾದ್ರಿ ಅಯ್ಯನವರು ಮನೆಗೆ ಬಂದರು. ಬರುವ ಭಾನುವಾರ ಒಳ್ಳೆಯ ದಾಂಪತ್ಯದ ಬಗ್ಗೆ ಸತ್ಯಮಿತ್ರ ಸಭೆಯಲ್ಲಿ ಮಾತಾಡಬೇಕಿತ್ತು. ಅದಕ್ಕೆ ಮೊದಲು ಅವರ ಮನೆಯ ಪ್ರಾರ್ಥನೆಗೆ ಕೂತು, ಊಟ ಮಾಡಿ ಹೋಗುವುದೆಂದು ಬಂದಿದ್ದರು. ಕೋಳಿ ಸಾರು ಆಗತಾನೆ ಕುದಿಯತೊಡಗಿತ್ತು. ಏಳಾಯಿತು. ಸತ್ಯಮಿತ್ರ ಕೃಪಾಳಿಗೆ ಒಳಗೆ ಹೋಗೆಂದು ಕಣ್ಸನ್ನೆ ಮಾಡಿದ.

ದಯಾಮಣಿ ಸ್ಟೌವಿನ ಗಾಳಿ ಬಿಟ್ಟಳು. ಅದು ಬುಸ್ಸೆಂದು ಆರಿತು. ಸೆರಗಿಗೆ ಕೈ ಒರೆಸಿ, ಅದನ್ನೇ ತಲೆಯ ಮೇಲೆ ಹೊದ್ದು, ಬಾಗಿಲಿಗೆ ಬಂದಿದ್ದ ಮಗಳ ಕೈ ಹಿಡಿದು ಚಾಪೆಯ ಮೇಲೆ ಕೂತಳು. ಗಂಡ ಗದರಿದರೆ ಏಳಬೇಕಾಗುತ್ತದೆ. ತಾನು ಎದ್ದರೆ ಕೃಪಾಳೂ ಏಳುತ್ತಾಳೆ, ಮತ್ತೆ ಕೂರುವುದಿಲ್ಲ.

"ಸಾರು?" ಸತ್ಯಮಿತ್ರ ಮೆಲ್ಲಗೆ ಕೇಳಿದ.

"ಎಲ್ಲೂ ಓಡಿಹೋಗಲ್ಲ ರೀ. ಆಮೇಲೆ ಎಲ್ರೂ ಸೇರಿ ಮಾಡೋಣ."

"ಅಯ್ಯನೋರು ಹಸ್ಕೊಂಡಿರ್ತಾರೆ ಕಣೇ."

"ಇರ್ಲಿ. ನಂದು ಯಾವ ವಚನ, ಹೇಳಿ."

"ಹಂಗಾದ್ರೆ ಅಕ್ಕಂದು ನಾನು ಓದ್ಬೇಕಾಗಿಲ್ಲ ತಾನೆ?" ಎಂದ ಸ್ಯಾಮು. "ಸದ್ಯ."

ಅಯ್ಯನವರು ನಕ್ಕರು. ಸತ್ಯಮಿತ್ರ ನಗಲಿಲ್ಲ. ಹೆಂಡತಿಯನ್ನು ಒಂದು ಗಳಿಗೆ ನೋಡಿ, ಸತ್ಯವೇದವನ್ನು ಅವಳ ಕಡೆಗೆ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟ. ಅವಳು ಓದಿದಳು. ಒಂದು ಹೆಸರಿನ ಹತ್ತಿರ ತಡವರಿಸಿದಳು. ಯಾರೂ ತಿದ್ದಲಿಲ್ಲ. ಮುಂದಿನದನ್ನು ಕೃಪಾ ಓದಿದಳು.

ಆಮೆನ್ ಆದಮೇಲೆ ಸತ್ಯಮಿತ್ರ ತಾನೇ ಒಳಗೆ ಹೋಗಿ ಸ್ಟೌವಿಗೆ ಗಾಳಿ ಹೊಡೆಯತೊಡಗಿದ. ಎಷ್ಟು ಹೊಡೆದರೂ ಹತ್ತಲೊಲ್ಲದು.

"ಮೊದ್ಲು ಪಿನ್ ಹಾಕಿ ಬರ್ನರ್ ತೂತು ಬಿಡಿಸ್ರೀ," ಎಂದಳು ದಯಾಮಣಿ, ಕೂತಲ್ಲಿಂದಲೇ.

ಎಲ್ಲರ ಕೈ ಸೇರಿದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಯ್ಯನವರು ಎರಡು ಸಲ ನೀರು ಕೇಳಿದರು, ಉಪ್ಪಿನ ಮಾತೆತ್ತಲಿಲ್ಲ. ಭಾನುವಾರ ಸಭೆಯಲ್ಲಿ ಸತ್ಯಮಿತ್ರ ತಾನು ಬರೆದುಕೊಂಡಿದ್ದ ಹಾಳೆಯನ್ನು ಜೇಬಿನಿಂದ ತೆಗೆಯಲಿಲ್ಲ. ಸ್ಟೌವಿಗೆ ಪಿನ್ ಹಾಕುವುದನ್ನು ಈ ವಯಸ್ಸಿನಲ್ಲಿ ಕಲಿತೆ ಎಂದು ಹೇಳಿ ಕೂತುಬಿಟ್ಟ. ಹೆಂಗಸರ ಸಾಲಿನಲ್ಲಿ ನಗು ಹಬ್ಬಿತು. ಗಂಡಸರ ಸಾಲು ಸ್ವಲ್ಪ ಕೆಮ್ಮಿತು.

ಅಂದಿನಿಂದ ಆ ಮನೆಯಲ್ಲಿ ಊಟ ಅರ್ಧ ಗಂಟೆ ತಡವಾಗುತ್ತಿತ್ತು. ಈರುಳ್ಳಿಯ ಕೆಲಸ ಸ್ಯಾಮುವಿಗೆ ಬಂತು.

೧೯೮೭ರಲ್ಲಿ ಕೃಪಾ ಮದುವೆಯಾಗಿ ಬಾಗಲೂರಿಗೆ ಹೋದಳು. ಮೊದಲ ಸಲ ಮಗಳ ಮನೆಗೆ ಹೋದ ದಯಾಮಣಿ, ಗಡಿಯಾರ ಏಳು ಹೊಡೆದೊಡನೆ ಮಗಳು ಒಲೆಯ ಮುಂದೆಯೇ ಇದ್ದಾಳೇನೋ ಎಂಬ ಗಾಬರಿಯಿಂದ ಅಡುಗೆಮನೆಯೊಳಗೆ ಇಣುಕಿದಳು. ಒಲೆ ಆರಿತ್ತು. ಅಲ್ಲಿ ಯಾರೂ ಇರಲಿಲ್ಲ.

"ಅಮ್ಮಾ, ಅಲ್ಲೇನ್ ಮಾಡ್ತಿದೀಯ?" ಕೃಪಾ ಹೊರಗಿನಿಂದ ಕೂಗಿದಳು. "ಎಲ್ಲಾ ನಿಂಗೇ ಕಾಯ್ತಿದೀವಿ."

ದಯಾಮಣಿ ಉಸಿರು ಬಿಟ್ಟಳು. ಚಾಪೆಯ ಮೇಲೆ ಅಳಿಯ ಸರಿದು ಜಾಗ ಮಾಡಿದ. ಅವಳು ಕಾಲು ಮಡಚಿ ನಿಧಾನವಾಗಿ ಕೂತಳು.